ಅಳೆಯುವ ಮುನ್ನ ಆಲಿಸಿದಾಕೆ

ಗೋದಾಮಿನ ಕಾರ್ಮಿಕರ ಕೈಗೆ ಇಂದು ಬಾರ್‌ಕೋಡ್ ಓದುವ ಯಂತ್ರ ಬಂದಿದೆ. ಸರಕಿನ ಜತೆಗೆ ಅವರು ವ್ಯಯಿಸಿದ ಸೆಕೆಂಡುಗಳನ್ನೂ ಅದು ಲೆಕ್ಕವಿಡಬಲ್ಲದು. ಇಂಥ ಸಾಧನ ಯಾರ ಅನುಕೂಲಕ್ಕಾಗಿ ರೂಪುಗೊಳ್ಳಬೇಕು ಎಂಬ ಪ್ರಶ್ನೆ ಎದ್ದಾಗಲೆಲ್ಲ ನನಗೆ ಲಿಲಿಯನ್ ಗಿಲ್‌ಬ್ರೆತ್ ನೆನಪಾಗುತ್ತಾರೆ.

1878ರಲ್ಲಿ ಅಮೆರಿಕದ ಓಕ್ಲೆಂಡ್‌ನಲ್ಲಿ ಜನಿಸಿದ ಅವರು, ಇಟ್ಟಿಗೆ ಕಟ್ಟುವ ಕೆಲಸದಿಂದ ವೃತ್ತಿ ಆರಂಭಿಸಿದ್ದ ಫ್ರಾಂಕ್ ಗಿಲ್‌ಬ್ರೆತ್ ಅವರನ್ನು 1904ರಲ್ಲಿ ವರಿಸಿದರು. ಕಾರ್ಮಿಕರ ಕೈಚಲನೆಗಳನ್ನು ಚಲನಚಿತ್ರದಲ್ಲಿ ಸೆರೆಹಿಡಿದ ಈ ದಂಪತಿ, ಅನಗತ್ಯ ಆಯಾಸದ ಮೂಲವನ್ನು ಹುಡುಕಿದರು. 1914ರಲ್ಲಿ ಪ್ರಕಟವಾದ ಲಿಲಿಯನ್ ಅವರ ನಿರ್ವಹಣಾ ಮನಶ್ಶಾಸ್ತ್ರದ ಗ್ರಂಥವು, ಬರೆದವರು ಹೆಣ್ಣೆಂದು ತಿಳಿಯದಂತೆ ಬರೀ ಇನಿಷಿಯಲ್‌ಗಳೊಂದಿಗೆ ಹೊರಬಂತು.

1924ರಲ್ಲಿ ಪತಿ ತೀರಿಕೊಂಡಾಗ 11 ಮಕ್ಕಳ ಹೊಣೆ ಅವರ ಮೇಲೆ ಬಿತ್ತು. ಹೆಣ್ಣೆಂಬ ಕಾರಣಕ್ಕೆ ಹಲವು ಕಂಪನಿಗಳು ಒಪ್ಪಂದ ಮುಂದುವರಿಸಲಿಲ್ಲ. ನ್ಯೂಯಾರ್ಕ್‌ನ ಮೇಸೀಸ್ ಮಳಿಗೆಯ ಅಧ್ಯಯನಕ್ಕೆ ಹೋದಾಗ ಅವರು ತಾವೇ ಮಾರಾಟಗಾರ್ತಿಯಾಗಿ ದುಡಿದು ನೋಡಿದರು. ಕಣ್ಣು ದಣಿಯದಂತೆ ದೀಪಗಳ ವ್ಯವಸ್ಥೆ ಬದಲಿಸಿದರು. ಮಾರಾಟದ ಚೀಟಿಗಳನ್ನು ಎರಡೆರಡು ಸಲ ದಾಖಲಿಸುವ ಪದ್ಧತಿಯನ್ನು ಕೈಬಿಡಿಸಿದರು. ಅಡುಗೆಮನೆಯ ವಿನ್ಯಾಸಕ್ಕಾಗಿ 4,000ಕ್ಕೂ ಹೆಚ್ಚು ಮಹಿಳೆಯರ ಅಭಿಪ್ರಾಯ ಕೇಳಿದರು. 1935ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿಯಾದ ಅವರು 1972ರಲ್ಲಿ ನಿಧನರಾದರು.

ಕೈಗವಸು ತೊಟ್ಟ ಬೆರಳಿನಿಂದ ಗುಂಡಿ ಒತ್ತಲಾದೀತೇ, ಮಂದ ಬೆಳಕಿನಲ್ಲಿ ಪರದೆಯ ಅಕ್ಷರ ಕಂಡೀತೇ ಎಂಬುದನ್ನು ಯಂತ್ರ ರೂಪಿಸುವವರು ಕಾರ್ಮಿಕರಿಂದಲೇ ತಿಳಿಯಬೇಕು. ಅಳೆಯುವ ಅಧಿಕಾರ ಉಳ್ಳವರಿಗೆ ಆಲಿಸುವ ಹೊಣೆಯೂ ಇದೆ ಎಂಬುದೇ ಆ ಬದುಕಿನ ಪಾಠವೆಂದು ನಾನು ನಂಬಿದ್ದೇನೆ.