ರಾಬರ್ಟ್ ಹೆನ್ರಿ ಎಲಿಯಟ್

ರಾಬರ್ಟ್ ಹೆನ್ರಿ ಎಲಿಯಟ್ (1837–1914) ಮೈಸೂರು ಸಂಸ್ಥಾನದ ಮಂಜರಾಬಾದಿನಲ್ಲಿ, ಎಂದರೆ ಇಂದಿನ ಹಾಸನ ಜಿಲ್ಲೆಯ ಸಕಲೇಶಪುರ ಸೀಮೆಯಲ್ಲಿ, ಕಾಫಿ ತೋಟ ನಡೆಸಿದ ಸ್ಕಾಟ್ಲೆಂಡಿನ ಪ್ಲಾಂಟರ್ ಹಾಗೂ ಲೇಖಕ. ಮರಗಳ ನೆರಳಿನಲ್ಲಿ ಕಾಫಿ ಬೆಳೆಯುವುದೇ ಮೈಸೂರಿಗೆ ತಕ್ಕ ಕ್ರಮವೆಂದು ಅನುಭವದಿಂದ ಕಂಡುಕೊಂಡು ಬರೆದಿಟ್ಟವರಲ್ಲಿ ಅವರು ಪ್ರಮುಖರು.

ಮಂಜರಾಬಾದಿನ ತೋಟ

ಎಲಿಯಟ್ 1856ರ ಸುಮಾರಿಗೆ, ಇಪ್ಪತ್ತು ತುಂಬುವ ಮೊದಲೇ, ಮಲೆನಾಡಿನಲ್ಲಿ ಕಾಫಿ ಕೃಷಿಗೆ ತೊಡಗಿದರು. ಬಾಬಾಬುಡನ್ ಗಿರಿಯ ಸುತ್ತಲಿನ ಸ್ಥಳೀಯ ಬೆಳೆಗಾರರು ಕಾಡಿನ ದೊಡ್ಡ ಮರಗಳ ಕೆಳಗೇ ಕಾಫಿ ಹಾಕುತ್ತಿದ್ದರು. ಯುರೋಪಿಯನ್ನರಲ್ಲಿ ಹಲವರು ಸಿಲೋನಿನ ಮಾದರಿಯಂತೆ ಕಾಡನ್ನು ಕಡಿದು ಸುಟ್ಟು, ತೆರೆದ ಬಿಸಿಲಿನಲ್ಲಿ ಗಿಡ ನೆಟ್ಟರು. 1860ರ ದಶಕದಲ್ಲಿ ಕಾಂಡಕೊರಕ ಹುಳುವಿನ ಹಾವಳಿ ಕೊಡಗು ಮತ್ತು ಮೈಸೂರಿನ ತೋಟಗಳನ್ನು ಹಾಳುಗೆಡವಿತು. ಈ ದುಂಬಿ ಬಿಸಿಲು ಬೀಳುವ ಕಾಂಡದ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುವುದರಿಂದ ಮರವಿಲ್ಲದ ತೋಟಗಳಿಗೇ ಹೆಚ್ಚಿನ ಪೆಟ್ಟು ಬಿದ್ದಿತು. ಮದರಾಸು ಸರ್ಕಾರದ ಪರವಾಗಿ ತನಿಖೆ ನಡೆಸಿದ ಡಾ. ಜಾರ್ಜ್ ಬೀಡಿ 1869ರ ವರದಿಯಲ್ಲಿ ನೆರಳಿನ ಅಗತ್ಯವನ್ನು ಹೇಳಿದರು. ಅದೇ ವರ್ಷ ಸಿಲೋನಿನಲ್ಲಿ ಎಲೆತುಕ್ಕು ರೋಗ ಕಾಣಿಸಿಕೊಂಡು, ಮುಂದೆ ಅಲ್ಲಿನ ಕಾಫಿ ಉದ್ಯಮವೇ ನೆಲಕಚ್ಚಿತು.

ಯಾವ ಮರ ಉಳಿಯಬೇಕು, ಯಾವುದು ಹೋಗಬೇಕು ಎಂಬುದೇ ಎಲಿಯಟ್ಟರ ಬರಹದ ಬೆಲೆಯುಳ್ಳ ಭಾಗ. ಬಸರಿ, ಗೋಣಿ ಮೊದಲಾದ ಆಲದ ಜಾತಿಯ ಮರಗಳನ್ನು ಅವರು ಸ್ಥಳೀಯ ಹೆಸರುಗಳಿಂದಲೇ ಗುರುತಿಸಿ ಮೆಚ್ಚಿದ್ದಾರೆ. ಉದುರಿದ ಎಲೆ ಗೊಬ್ಬರವಾಗುತ್ತದೆ, ಬೇರು ಇಳಿಜಾರಿನ ಮಣ್ಣನ್ನು ಹಿಡಿದಿಡುತ್ತದೆ. ಮಂಜರಾಬಾದಿನ ಪೂರ್ವದ ಇಳಿಜಾರುಗಳ ನೀರು ಹೇಮಾವತಿಯನ್ನು ಸೇರಿ ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಯತ್ತ ಹರಿಯುವುದರಿಂದ ಈ ಮಾತು ಕಾಫಿಗಷ್ಟೇ ಸೀಮಿತವಲ್ಲ. ಆಲದ ಜಾತಿಯ ಹಣ್ಣುಗಳು ಹಕ್ಕಿಗಳಿಗೆ ಆಹಾರವಾದದ್ದು ಈ ಪದ್ಧತಿಯ ಫಲವೇ ಹೊರತು ಉದ್ದೇಶವಲ್ಲ. ಎಲಿಯಟ್ ಸ್ವತಃ ಹುಲಿ, ಕಾಟಿಗಳ ಬೇಟೆಗಾರರಾಗಿದ್ದರು. ನೆರಳು ಉಳಿದರೂ ಕೆಳಗಿನ ಪೊದೆ ಮತ್ತು ಎಳೆಯ ಸಸಿಗಳು ಹೋದವು ಎಂಬುದನ್ನೂ ಮರೆಯುವಂತಿಲ್ಲ.

ಕೃತಿಗಳು ಮತ್ತು ನಂತರದ ಜೀವನ

ಮೈಸೂರಿನ ಕಾಡುಗಳಲ್ಲಿನ ಅನುಭವಗಳ ಕುರಿತ ಅವರ ಗ್ರಂಥ 1871ರಲ್ಲಿ ಪ್ರಕಟವಾಯಿತು. ಚಿನ್ನ, ಬೇಟೆ ಮತ್ತು ಕಾಫಿ ಕೃಷಿಯನ್ನು ಕುರಿತ 1894ರ ಗ್ರಂಥದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಯ ಬಗೆಗೂ ಒಂದು ಅಧ್ಯಾಯವಿದೆ.

ಸ್ಕಾಟ್ಲೆಂಡಿನ ಕೆಲ್ಸೋ ಬಳಿಯ ತಮ್ಮ ಕ್ಲಿಫ್ಟನ್ ಪಾರ್ಕ್ ಜಮೀನಿನಲ್ಲಿ ಅವರು ಆಳವಾಗಿ ಬೇರೂರುವ ಸಸ್ಯಗಳನ್ನು ಹುಲ್ಲಿನೊಡನೆ ಬೆಳೆಸಿ ಮಣ್ಣಿನ ಸಾರವನ್ನು ಮರಳಿಸುವ ಪ್ರಯೋಗ ನಡೆಸಿದರು. ಕ್ಲಿಫ್ಟನ್ ಪಾರ್ಕ್ ಪದ್ಧತಿ ಎಂದೇ ಹೆಸರಾದ ಈ ಕ್ರಮವನ್ನು ವಿವರಿಸುವ ಗ್ರಂಥ 1898ರಲ್ಲಿ ಹೊರಬಂದಿತು. ಅವರ ಮರಣಾನಂತರ, 1943ರಲ್ಲಿ, ಮರುಮುದ್ರಣಗೊಂಡಿತು.