ಬೆಟ್ಟಗಳ ಲಿಪಿಕಾರ ಆಲ್ಫ್ರೆಡ್ ವೇನ್‌ರೈಟ್

ಮಹತ್ಕಾರ್ಯಗಳಿಗೆ ಸಂಪತ್ತು, ಬಿಡುವು, ಉನ್ನತ ವಿದ್ಯಾಭ್ಯಾಸ ಈ ಮೂರೂ ಇರಲೇಬೇಕೆಂಬ ಭಾವನೆ ಲೋಕದಲ್ಲಿ ಸಾಮಾನ್ಯವಾಗಿದೆ. ಈ ಮೂರರಲ್ಲಿ ಒಂದೂ ಇಲ್ಲದೆ, ಹಗಲೆಲ್ಲ ಪುರಸಭೆಯ ಲೆಕ್ಕ ಬರೆದು, ರಾತ್ರಿ ದೀಪದ ಮುಂದೆ ಕುಳಿತು, ಹದಿಮೂರು ವರ್ಷಗಳ ಕಾಲ ಒಂದೇ ಸಂಕಲ್ಪವನ್ನು ಹಿಡಿದು ಸಾಧಿಸಿದ ಒಬ್ಬ ಗೃಹಸ್ಥನ ಜೀವನ ಆ ಭಾವನೆಯನ್ನು ಸುಳ್ಳಾಗಿಸುತ್ತದೆ. ಇಂಗ್ಲೆಂಡಿನ ಸರೋವರ ಪ್ರಾಂತ್ಯದ ಬೆಟ್ಟಗಳನ್ನು ಕಾಲ್ನಡಿಗೆಯಿಂದ ಅಳೆದು, ಅವುಗಳಿಗೆ ಸಚಿತ್ರ ಕೈಪಿಡಿಗಳನ್ನು ರಚಿಸಿದ ಆಲ್ಫ್ರೆಡ್ ವೇನ್‌ರೈಟ್ ಅವರ ಹೆಸರು ಅಲ್ಲಿಯ ಪಾದಚಾರಿಗಳ ನಾಲಗೆಯ ಮೇಲೆ ಇಂದಿಗೂ ನಲಿಯುತ್ತಿದೆ.

ವೇನ್‌ರೈಟರು 1907ನೆಯ ಇಸವಿ ಜನವರಿ 17ರಂದು ಲ್ಯಾಂಕಷೈರಿನ ಬ್ಲ್ಯಾಕ್‌ಬರ್ನ್ ಎಂಬ ಊರಿನಲ್ಲಿ ಜನಿಸಿದರು. ಅದು ಹತ್ತಿಯ ಗಿರಣಿಗಳ ಊರು. ಹೊಗೆಯ ಕೊಳವೆಗಳೂ ಒತ್ತೊತ್ತಾದ ಸಾಲುಮನೆಗಳೂ ಅದರ ಲಕ್ಷಣ. ತಂದೆ ಕಲ್ಲುಕೆಲಸದವನು. ಅವನಿಗೆ ಕುಡಿತದ ಚಟವಿತ್ತು. ಕೆಲಸವಿಲ್ಲದ ದಿನಗಳೂ ಬಹಳವಿದ್ದವು. ತಾಯಿ ಪರರ ಬಟ್ಟೆ ಒಗೆದುಕೊಟ್ಟು ನಾಲ್ಕು ಮಕ್ಕಳನ್ನು ಸಾಕಿದಳು. ಅವರಲ್ಲಿ ಆಲ್ಫ್ರೆಡ್ ಕಿರಿಯವನು. ಬಾಲಕನಿಗೆ ಓದಿನಲ್ಲಿ ಚುರುಕೂ ನಕ್ಷೆ ಬರೆಯುವುದರಲ್ಲಿ ಹುಚ್ಚೂ ಇದ್ದವು. ಆದರೆ ಬಡತನ ಕಾಯುವುದಿಲ್ಲ. ಹದಿಮೂರನೆಯ ವಯಸ್ಸಿಗೇ ಶಾಲೆ ಬಿಟ್ಟು, ಊರಿನ ಪುರಸಭೆಯ ಇಂಜಿನಿಯರರ ಕಚೇರಿಯಲ್ಲಿ ಜವಾನಹುಡುಗನಾಗಿ ಸೇರಬೇಕಾಯಿತು. ಅಲ್ಲಿಂದ ಖಜಾನೆಯ ಶಾಖೆಗೆ ಹೋದ ಮೇಲೆ, ಹಗಲು ದುಡಿದು ರಾತ್ರಿ ಓದಿ, ವರ್ಷಗಳ ಪರಿಶ್ರಮದಿಂದ ಲೆಕ್ಕಶಾಸ್ತ್ರದ ಪರೀಕ್ಷೆಗಳಲ್ಲಿ ತೇರ್ಗಡೆಯಾದರು. ಅಂಕಿಗಳನ್ನು ನೇರಸಾಲಿನಲ್ಲಿ ಮುದ್ದಾಗಿ ಬರೆಯುವ ಅಭ್ಯಾಸ ಅಂದು ಬಂದದ್ದು, ಮುಂದೆ ಬೇರೊಂದು ಬಗೆಯಲ್ಲಿ ಫಲಕೊಟ್ಟಿತು.

1930ರಲ್ಲಿ, ತಮ್ಮ ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಕೂಡಿಟ್ಟ ಐದು ಪೌಂಡು ಹಣದೊಡನೆ ಅವರು ಸೋದರಸಂಬಂಧಿಯೊಬ್ಬನನ್ನು ಕರೆದುಕೊಂಡು ಒಂದು ವಾರದ ರಜೆಗೆಂದು ಸರೋವರ ಪ್ರಾಂತ್ಯಕ್ಕೆ ಹೊರಟರು. ವಿಂಡರ್‌ಮಿಯರ್ ಊರಿನ ಹಿಂಬದಿಗೆ ಆರೆಸ್ಟ್ ಹೆಡ್ ಎಂಬ ಸಣ್ಣ ಗುಡ್ಡವಿದೆ. ಅದರ ಎತ್ತರ 238 ಮೀಟರು ಮಾತ್ರ. ಅದನ್ನೇರಿ ನಿಂತಾಗ ಕೆಳಗೆ ನೀಳವಾದ ಸರೋವರ, ಆಚೆಗೆ ಒಂದರ ಹಿಂದೊಂದು ಬೆಟ್ಟಗಳ ಸಾಲು ಕಾಣಿಸಿತು. ಗಿರಣಿಯ ಗೋಡೆಗಳ ನಡುವೆ ಬೆಳೆದ ಯುವಕನಿಗೆ ಇದು ಹೊಸ ಜನ್ಮವೇ ಆಯಿತು. ಅಂದು ಹತ್ತಿದ ಆ ಸೆಳೆತ ಅವರನ್ನು ಕೊನೆಯುಸಿರಿನವರೆಗೂ ಬಿಡಲಿಲ್ಲ. 1938ರಲ್ಲಿ ಯೂರೋಪಿನ ಮೇಲೆ ಯುದ್ಧದ ಕಾರ್ಮೋಡ ಕವಿಯುತ್ತಿದ್ದಾಗ, ಅವರು ಒಬ್ಬಂಟಿಯಾಗಿ ಪೆನ್ನೈನ್ ಬೆಟ್ಟಸಾಲಿನ ಗುಂಟ ರೋಮನ್ನರ ಕಾಲದ ಹೇಡ್ರಿಯನ್ ಗೋಡೆಯವರೆಗೂ ನಡೆದುಹೋಗಿ ಬಂದರು. ಆ ಪ್ರವಾಸವನ್ನು ಕುರಿತು ಬರೆದ ಗ್ರಂಥ ಸುಮಾರು ಅರ್ಧ ಶತಮಾನ ಪೆಟ್ಟಿಗೆಯಲ್ಲಿದ್ದು 1986ರಲ್ಲಿ ಬೆಳಕು ಕಂಡಿತು.

1941ರಲ್ಲಿ ಸರೋವರ ಪ್ರಾಂತ್ಯದ ಅಂಚಿನ ಕೆಂಡಲ್ ಪಟ್ಟಣದ ಪುರಸಭೆಯಲ್ಲಿ ಒಂದು ಹುದ್ದೆ ತೆರವಾಯಿತು. ಸಂಬಳ ಕಡಿಮೆಯಾದರೂ ವೇನ್‌ರೈಟರು ಅದನ್ನು ಸಂತೋಷದಿಂದ ಸ್ವೀಕರಿಸಿದರು. 1948ರಲ್ಲಿ ಅದೇ ಪುರಸಭೆಯ ಖಜಾಂಚಿಯಾಗಿ, 1967ರಲ್ಲಿ ನಿವೃತ್ತರಾಗುವವರೆಗೂ ಆ ಜವಾಬ್ದಾರಿಯನ್ನು ಕಳಂಕವಿಲ್ಲದೆ ನಿರ್ವಹಿಸಿದರು. ಅವರು ಕಾರು ನಡೆಸುವುದನ್ನು ಕಲಿಯಲಿಲ್ಲ. ವಾರದ ಕೊನೆಯಲ್ಲಿ ಮುಂಜಾನೆಯ ಬಸ್ಸು ಹಿಡಿದು ಬೆಟ್ಟದ ಬುಡಕ್ಕೆ ಹೋಗುವುದು, ದಿನವಿಡೀ ನಡೆಯುವುದು, ಸಂಜೆಯ ಬಸ್ಸಿಗೆ ಹಿಂತಿರುಗುವುದು ಅವರ ವ್ರತವಾಗಿತ್ತು.

1952ರ ನವೆಂಬರ್ 9ರ ರಾತ್ರಿ ಅವರು ಮಹಾಕಾರ್ಯಕ್ಕೆ ಕೈಹಾಕಿದರು. ಪ್ರಾಂತ್ಯದ ಬೆಟ್ಟಗಳನ್ನೆಲ್ಲ ಏಳು ವಿಭಾಗಗಳಾಗಿ ವಿಂಗಡಿಸಿ, ಒಂದೊಂದಕ್ಕೆ ಒಂದೊಂದು ಪುಸ್ತಕವನ್ನು ರಚಿಸುವುದು, ಇದಕ್ಕೆ ಹದಿಮೂರು ವರ್ಷ ಬೇಕೆಂಬುದು ಅವರ ಲೆಕ್ಕಾಚಾರ. ಪ್ರಕಟಣೆಯ ಆಸೆ ಆಗ ಇರಲಿಲ್ಲ. ಮುಪ್ಪಿನಲ್ಲಿ ಕಾಲುಗಳು ಸೋತಾಗ ತಾವು ನೋಡಿ ನಲಿಯಲೆಂದೇ ಬರೆಯತೊಡಗಿದರು. ಪ್ರತಿಯೊಂದು ಬೆಟ್ಟಕ್ಕೂ ಅದರ ಸ್ವರೂಪವರ್ಣನೆ, ನಕ್ಷೆ, ಬೇರೆ ಬೇರೆ ಕಡೆಯಿಂದ ಏರುವ ದಾರಿಗಳು, ಶಿಖರದ ವಿವರ, ಶಿಖರದಿಂದ ಸುತ್ತಲೂ ಕಾಣುವ ಬೆಟ್ಟಗಳ ಚಿತ್ರ ಮತ್ತು ಹೆಸರು, ಪಕ್ಕದ ಬೆಟ್ಟಕ್ಕೆ ಹೋಗುವ ಏಣುಹಾದಿ ಇವೆಲ್ಲ ಕ್ರಮವಾಗಿ ಬರುತ್ತವೆ. ಏರುದಾರಿಗಳನ್ನು ತೋರಿಸಲು ಅವರು ಕಂಡುಕೊಂಡ ಬಗೆ ವಿಶಿಷ್ಟವಾದುದು. ಪುಟದ ಕೆಳಗೆ ನಕ್ಷೆಯಂತೆ ಆರಂಭವಾಗುವ ರೇಖೆ ಮೇಲೇರುತ್ತ ಹೋದಂತೆ ಬೆಟ್ಟದ ಚಿತ್ರವೇ ಆಗಿಬಿಡುತ್ತದೆ. ನೋಡುವವನಿಗೆ ತಾನೇ ನಡೆದು ಹೋಗುತ್ತಿರುವಂತೆ ಭಾಸವಾಗುತ್ತದೆ.

ಈ ಪುಸ್ತಕಗಳಲ್ಲಿ ಅಚ್ಚುಮೊಳೆಯ ಕೆಲಸವಿಲ್ಲ. ಚಿತ್ರವೂ ಬರಹವೂ ಅವರ ಲೇಖನಿಯಿಂದಲೇ ಮೂಡಿದವು. ಅವರು ಬರೆದ ಪುಟ ಹೇಗಿತ್ತೋ ಹಾಗೆಯೇ ಅಚ್ಚಾಯಿತು. ಆರಂಭದ ಕೆಲವು ತಿಂಗಳಲ್ಲಿ ಸುಮಾರು ನೂರು ಪುಟಗಳು ಸಿದ್ಧವಾಗಿದ್ದವು. ಒಂದು ದಿನ ಅವುಗಳನ್ನು ಮುಂದಿಟ್ಟುಕೊಂಡು ನೋಡಿದಾಗ, ಸಾಲುಗಳ ಬಲತುದಿ ಒಂದೇ ನೇರದಲ್ಲಿ ನಿಲ್ಲದಿರುವುದು ಅವರ ಕಣ್ಣಿಗೆ ಬಿತ್ತು. ವಿಷಯದಲ್ಲಿ ದೋಷವಿರಲಿಲ್ಲ, ಚಿತ್ರದಲ್ಲಿ ದೋಷವಿರಲಿಲ್ಲ. ಆದರೂ ಆ ನೂರು ಪುಟಗಳನ್ನು ತೆಗೆದೊಗೆದು ಮೊದಲಿನಿಂದ ಬರೆದರು. ಯಾರೂ ಕೇಳದಿದ್ದಾಗ, ಯಾರೂ ನೋಡದಿದ್ದಾಗ ತೋರಿದ ಈ ನಿಷ್ಠೆಯಲ್ಲಿ ಅವರ ಇಡೀ ಸಾಧನೆಯ ಬೀಜವಿದೆ.

ಮೊದಲ ಪುಸ್ತಕವಾದ ಪೂರ್ವ ಬೆಟ್ಟಗಳ ಸಂಪುಟ ಸಿದ್ಧವಾದಾಗ, ಎರಡು ಸಾವಿರ ಪ್ರತಿಗಳ ಮುದ್ರಣಕ್ಕೆ 950 ಪೌಂಡು ಬೇಕಾಯಿತು. ವೇನ್‌ರೈಟರ ಕೈಯಲ್ಲಿದ್ದುದು 35 ಪೌಂಡು ಮಾತ್ರ. ಮುದ್ರಕರು ಅವರನ್ನು ನಂಬಿ, ಪುಸ್ತಕ ಮಾರಾಟವಾದಂತೆ ಹಣ ತೀರಿಸಲು ಒಪ್ಪಿಕೊಂಡರು. ಕೆಂಡಲ್ ಗ್ರಂಥಪಾಲಕರಾದ ಹೆನ್ರಿ ಮಾರ್ಷಲ್ ಪ್ರಕಾಶಕರಾಗಿ ಹೆಸರು ಕೊಟ್ಟರು. 1955ರಲ್ಲಿ ಹೊರಬಂದ ಆ ಪುಸ್ತಕ ಬಾಯಿಂದ ಬಾಯಿಗೆ ಪ್ರಸಿದ್ಧಿ ಪಡೆಯಿತು, ಸಾಲ ತೀರಿತು. ಬಳಿಕ 1957, 1958, 1960, 1962, 1964ರಲ್ಲಿ ಒಂದೊಂದಾಗಿ ಸಂಪುಟಗಳು ಬಂದವು. 1963ರಿಂದ ವೆಸ್ಟ್‌ಮೋರ್‌ಲ್ಯಾಂಡ್ ಗೆಜೆಟ್ ಸಂಸ್ಥೆ ಪ್ರಕಟಣೆಯ ಹೊಣೆ ಹೊತ್ತಿತು. ಏಳನೆಯದಾದ ಪಶ್ಚಿಮ ಬೆಟ್ಟಗಳ ಸಂಪುಟ 1966ರಲ್ಲಿ ಪ್ರಕಟವಾಯಿತು. ಹದಿಮೂರು ವರ್ಷಗಳ ಗಡುವಿಗೆ ಒಂದು ವಾರ ಮೊದಲೇ ಬರವಣಿಗೆ ಮುಗಿದಿತ್ತು! ಹೀಗೆ ವರ್ಣಿತವಾದ ಬೆಟ್ಟಗಳ ಸಂಖ್ಯೆ 214. ಅವುಗಳಲ್ಲಿ 978 ಮೀಟರು ಎತ್ತರದ, ಇಂಗ್ಲೆಂಡಿನ ಅತ್ಯುನ್ನತ ಶಿಖರವಾದ ಸ್ಕಾಫೆಲ್ ಪೈಕ್ ಇದೆ. 290 ಮೀಟರಿನ ಕ್ಯಾಸಲ್ ಕ್ರ್ಯಾಗೂ ಇದೆ. ದೊಡ್ಡದಕ್ಕೆ ತೋರಿದ ಆದರವನ್ನು ಚಿಕ್ಕದಕ್ಕೂ ತೋರಿದ್ದು ಅವರ ದೃಷ್ಟಿಯ ಹಿರಿಮೆ.

ಸಂಪುಟಗಳ ಅರ್ಪಣೆಯಲ್ಲಿಯೂ ಅವರ ಮನೋಧರ್ಮ ವ್ಯಕ್ತವಾಗಿದೆ. ರಾಜರಿಗಾಗಲಿ ಧನಿಕರಿಗಾಗಲಿ ಅವರು ಪುಸ್ತಕ ಅರ್ಪಿಸಲಿಲ್ಲ. ಭೂಮಾಪನ ಇಲಾಖೆಯ ನೌಕರರಿಗೆ ಒಂದು, ಬೆಟ್ಟದ ಕಲ್ಲುಗೋಡೆಗಳನ್ನು ಕಟ್ಟಿದ ಅನಾಮಧೇಯರಿಗೆ ಒಂದು, ಅಲ್ಲಿಯ ನಾಯಿಗಳಿಗೆ ಒಂದು, ಕುರಿಗಳಿಗೆ ಒಂದು ಸಂದವು. ಮತ್ತೊಂದನ್ನು ತಮ್ಮನ್ನು ಹೊತ್ತು ನಡೆದ ಎರಡು ಕಾಲುಗಳಿಗೇ ನಗುನಗುತ್ತ ಅರ್ಪಿಸಿದರು.

ಈ ಸಾಧನೆಗೆ ತೆತ್ತ ಬೆಲೆಯನ್ನು ಮುಚ್ಚಿಟ್ಟರೆ ಜೀವನಚರಿತ್ರೆ ಪೂರ್ಣವಾಗದು. 1931ರಲ್ಲಿ ಅವರು ಗಿರಣಿಯಲ್ಲಿ ದುಡಿಯುತ್ತಿದ್ದ ರೂತ್ ಹೋಲ್ಡನ್ ಅವರನ್ನು ವಿವಾಹವಾಗಿದ್ದರು, ಒಬ್ಬ ಮಗನಿದ್ದನು. ದಂಪತಿಗಳ ಮನಸ್ಸು ಕೂಡಲಿಲ್ಲ. ಹಗಲು ಕಚೇರಿಗೆ, ರಾತ್ರಿ ಲೇಖನಿಗೆ, ವಾರದ ಕೊನೆ ಬೆಟ್ಟಕ್ಕೆ ಮೀಸಲಾದ ಮೇಲೆ ಮನೆಗೆ ಉಳಿದದ್ದು ಮೌನ. 1967ರಲ್ಲಿ, ನಿವೃತ್ತಿಯ ಹೊಸ್ತಿಲಿನಲ್ಲಿ, ಪತ್ನಿ ಮನೆ ತೊರೆದು ಹೋದರು; ಮರುವರ್ಷ ವಿಚ್ಛೇದನವಾಯಿತು. 214 ಬೆಟ್ಟಗಳಿಗೆ ದಾರಿ ತೋರಿಸಿದ ಮನುಷ್ಯನಿಗೆ ತನ್ನ ಮನೆಯವರ ಹೃದಯಕ್ಕೆ ದಾರಿ ಕಾಣಲಿಲ್ಲವೆಂಬುದು ವಿಷಾದದ ಸಂಗತಿ. ಏಕನಿಷ್ಠೆ ದೊಡ್ಡ ಗುಣವೇ ಹೌದು; ಆದರೆ ಅದರ ಬಿಸಿ ಮೊದಲು ತಟ್ಟುವುದು ಹತ್ತಿರ ಇರುವವರಿಗೆ. ವೇನ್‌ರೈಟರ ಕೀರ್ತಿಯ ಪಕ್ಕದಲ್ಲಿ ರೂತ್ ಅವರ ಒಂಟಿ ಸಂಜೆಗಳನ್ನೂ ನೆನೆಯುವುದು ನ್ಯಾಯ. 1970ರಲ್ಲಿ ಅವರು ಬೆಟ್ಟಿ ಮೆಕ್‌ನ್ಯಾಲಿ ಅವರನ್ನು ವರಿಸಿದರು. ಉಳಿದ ಬಾಳಿಗೆ ಅದು ನೆಮ್ಮದಿಯ ಆಸರೆಯಾಯಿತು.

1967ರಲ್ಲಿ ಬ್ರಿಟಿಷ್ ಸರ್ಕಾರ ಅವರಿಗೆ ಎಂ.ಬಿ.ಇ. ಗೌರವವನ್ನು ನೀಡಿತು. ನಿವೃತ್ತಿಯ ನಂತರವೂ ಲೇಖನಿ ವಿರಮಿಸಲಿಲ್ಲ. 1968ರಲ್ಲಿ ಪೆನ್ನೈನ್ ಮಾರ್ಗದ ಕೈಪಿಡಿ ಬಂದಿತು. ದಕ್ಷಿಣದಿಂದ ಉತ್ತರಕ್ಕೆ ನಡೆಯುವವನ ಅನುಕೂಲಕ್ಕಾಗಿ ಅದನ್ನು ಕೊನೆಯ ಪುಟದಿಂದ ಮೊದಲಿಗೆ, ಪುಟದ ಅಡಿಯಿಂದ ಮೇಲಕ್ಕೆ ಓದುವಂತೆ ರಚಿಸಿದರು. 1973ರಲ್ಲಿ ಪಶ್ಚಿಮ ಕಡಲತೀರದ ಸೇಂಟ್ ಬೀಸ್‌ನಿಂದ ಪೂರ್ವ ತೀರದ ರಾಬಿನ್ ಹುಡ್ಸ್ ಬೇವರೆಗೆ ಸುಮಾರು 190 ಮೈಲಿಗಳ ಹಾದಿಯೊಂದನ್ನು ತಾವೇ ಕಲ್ಪಿಸಿ ಪುಸ್ತಕ ಬರೆದರು. ಇಂದು ಜಗತ್ತಿನ ನಾನಾ ದೇಶಗಳಿಂದ ಜನ ಆ ಹಾದಿಯಲ್ಲಿ ನಡೆಯಲು ಬರುತ್ತಾರೆ.

ಅವರ ಪುಸ್ತಕಗಳ ಮಾರಾಟ ಜೀವಿತಕಾಲದಲ್ಲಿಯೇ ಹತ್ತು ಲಕ್ಷ ಪ್ರತಿಗಳನ್ನು ದಾಟಿತು. ಹಣ ಬಂದರೂ ಜೀವನಕ್ರಮ ಬದಲಾಗಲಿಲ್ಲ. ಬಂದ ಗೌರವಧನದ ಬಹುಭಾಗವನ್ನು ಕಂಬ್ರಿಯದ ಪ್ರಾಣಿರಕ್ಷಣಾ ಸಂಸ್ಥೆಗೆ ಧಾರೆಯೆರೆದರು. ದಿಕ್ಕಿಲ್ಲದ ನಾಯಿ ಬೆಕ್ಕುಗಳಿಗಾಗಿ ಕೆಂಡಲ್ ಬಳಿ ಆಶ್ರಯಧಾಮವೊಂದು ಆ ಹಣದ ಬಲದಿಂದ ನೆಲೆಗೊಂಡಿತು. ಇನ್ನೊಂದು ವೈಚಿತ್ರ್ಯವೂ ಉಂಟು. ಏಕಾಂತವನ್ನರಸಿ ಬೆಟ್ಟಕ್ಕೆ ಹೋದವರು ಅವರು. ಅವರ ಪುಸ್ತಕ ಹಿಡಿದು ಬೆಟ್ಟಕ್ಕೆ ಬಂದವರು ಲಕ್ಷಾಂತರ ಜನ. ಬಹಳ ಪಾದಗಳು ತುಳಿದ ಕಾಲುದಾರಿಗಳು ಕೊರಕಲಾದವು. ಅವನ್ನು ಕಲ್ಲು ಹಾಸಿ ದುರಸ್ತಿ ಮಾಡುವ ಕಾರ್ಯದಲ್ಲಿ ಸ್ವಯಂಸೇವಕರು ಇಂದಿಗೂ ನಿರತರಾಗಿದ್ದಾರೆ. ಪ್ರೀತಿಸಿದ ವಸ್ತುವನ್ನು ಹಂಚಿಕೊಂಡವರು ಅದರ ರಕ್ಷಣೆಯ ಹೊಣೆಯನ್ನೂ ಹಂಚಿಕೊಳ್ಳಬೇಕಾಗುತ್ತದೆಂಬ ಪಾಠ ಇಲ್ಲಿದೆ.

ಕೊನೆಯ ವರ್ಷಗಳಲ್ಲಿ ದೃಷ್ಟಿ ಮಂದವಾಯಿತು. ರೇಖೆಗಳನ್ನೇ ನೆಚ್ಚಿ ಬಾಳಿದವರಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಬೇರೆಯಿರಲಾರದು. 1991ರ ಜನವರಿ 20ರಂದು ವೇನ್‌ರೈಟರು ನಿಧನ ಹೊಂದಿದರು. ಅವರ ಇಚ್ಛೆಯಂತೆ, ಹೇಸ್ಟ್ಯಾಕ್ಸ್ ಬೆಟ್ಟದ ಮೇಲಿರುವ, ಹೆಸರಿಲ್ಲದ್ದು ಎಂಬುದೇ ಹೆಸರಾಗಿರುವ ಸಣ್ಣ ಕೊಳದ ದಡದಲ್ಲಿ ಅವರ ಚಿತಾಭಸ್ಮವನ್ನು ಚೆಲ್ಲಲಾಯಿತು. ಆ ಬೆಟ್ಟದ ಎತ್ತರ 597 ಮೀಟರು. ಸುತ್ತಲಿನ ಹಿರಿಯ ಶಿಖರಗಳ ನಡುವೆ ಅದು ಚಿಕ್ಕದು. ಕೆಳಗಿನ ಬಟರ್‌ಮಿಯರ್ ಹಳ್ಳಿಯ ಇಗರ್ಜಿಯ ಕಿಟಕಿಯೊಂದರಲ್ಲಿ ಅವರ ಸ್ಮಾರಕಫಲಕವಿದೆ. ಅದನ್ನು ಓದಿ ತಲೆಯೆತ್ತಿದವರಿಗೆ, ಮೋಡವಿಲ್ಲದ ದಿನ, ಗಾಜಿನಾಚೆ ಆ ಬೆಟ್ಟವೇ ಕಾಣುತ್ತದೆ.