ಗೋಕಾಕದ ಖಡ್ಗಮೃಗ ಮತ್ತು ಬ್ರೂಸ್ ಫೂಟ್ ಮಹಾಶಯರು

ಭಾರತದ ಪ್ರಾಗಿತಿಹಾಸ ಸಂಶೋಧನೆಯ ಪಿತಾಮಹರೆಂದು ರಾಬರ್ಟ್ ಬ್ರೂಸ್ ಫೂಟರು ಪ್ರಸಿದ್ಧರಾಗಿದ್ದಾರೆ. ಅವರು ಹುಟ್ಟಿದ್ದು 1834ರಲ್ಲಿ, ಇಂಗ್ಲೆಂಡಿನಲ್ಲಿ. 1858ರಲ್ಲಿ ಭಾರತದ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯನ್ನು ಸೇರಿದರು. 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಅವರಿಗೆ ದೊರೆತ ಕಲ್ಲಿನ ಆಯುಧವು ಈ ನೆಲದಲ್ಲಿ ಹಳೆಯ ಶಿಲಾಯುಗದ ಮಾನವನು ಬಾಳಿದ್ದನೆಂಬುದಕ್ಕೆ ಮೊದಲ ಸಾಕ್ಷಿಯಾಯಿತು. ಕನ್ನಡಿಗರಾದ ನಾವು ಅವರನ್ನು ನೆನೆಯುವುದಕ್ಕೆ ಇನ್ನೊಂದು ಕಾರಣವೂ ಉಂಟು.

ಆಗ ದಕ್ಷಿಣ ಮರಾಠಾ ದೇಶವೆನಿಸಿದ್ದ ಬೆಳಗಾವಿ, ಧಾರವಾಡ, ವಿಜಾಪುರಗಳ ಸೀಮೆಯನ್ನು ಫೂಟರು ಸುತ್ತಿ ಅಳೆದರು. ಗೋಕಾಕದ ಹತ್ತಿರ ಅವರಿಗೆ ಖಡ್ಗಮೃಗವೊಂದರ ಹಲ್ಲು ಮೂಳೆಗಳ ಪಳೆಯುಳಿಕೆ ಸಿಕ್ಕಿತು. 1874ರಲ್ಲಿ ಅದನ್ನು ಹೊಸ ಜಾತಿಯೆಂದು ವರ್ಣಿಸಿ, ದಖ್ಖನದ ಹೆಸರನ್ನೇ ಅದಕ್ಕಿಟ್ಟರು.

ಇಂದು ಕಾಡಿನ ಖಡ್ಗಮೃಗವನ್ನು ಕಾಣಬೇಕಾದರೆ ಅಸ್ಸಾಮಿನ ಕಾಜಿರಂಗದಂಥ ಜೌಗು ಹುಲ್ಲುಗಾವಲಿಗೆ ಹೋಗಬೇಕು. ಘಟ್ಟದ ಮರೆಯಲ್ಲಿರುವ ಗೋಕಾಕಕ್ಕಾದರೋ ನಮ್ಮ ಕಾರವಾರದ ಮಳೆಯ ಕಾಲು ಪಾಲೂ ಇಲ್ಲ. ಅಂಥ ಒಣ ಸೀಮೆಯಲ್ಲಿ ಈ ದೊಡ್ಡ ಪ್ರಾಣಿ ಬಾಳಿತ್ತೆಂದ ಮೇಲೆ, ಅಲ್ಲಿ ಒಂದು ಕಾಲಕ್ಕೆ ಮೇವೂ ನೀರೂ ಹೇರಳವಾಗಿದ್ದಿರಬೇಕಲ್ಲವೆ? ಆದರೆ ಅವಸರದ ತೀರ್ಮಾನ ಸಲ್ಲದು. ಆಫ್ರಿಕದ ಖಡ್ಗಮೃಗಗಳು ಒಣ ಬಯಲಿನಲ್ಲಿಯೂ ಬಾಳುತ್ತವೆ. ಆದ್ದರಿಂದ ವಿಜ್ಞಾನಿಗಳು ಹಲ್ಲಿನ ರಚನೆಯಿಂದ ಪ್ರಾಣಿಯು ಎಲೆ ತಿನ್ನುತ್ತಿತ್ತೋ ಹುಲ್ಲು ಮೇಯುತ್ತಿತ್ತೋ ಎಂದು ತಿಳಿಯುತ್ತಾರೆ. ಜತೆಗೆ ಸಿಕ್ಕ ಚಿಪ್ಪು, ಹೂವಿನ ಪರಾಗ, ಮಣ್ಣಿನ ಪದರಗಳನ್ನೂ ವಿಚಾರಿಸುತ್ತಾರೆ. ಹಲವು ಸಾಕ್ಷಿಗಳು ಒಂದೇ ಮಾತನ್ನು ಹೇಳಿದಾಗ ಮಾತ್ರ ಹಿಂದಿನ ಹವೆಯ ಚಿತ್ರ ನಂಬಲರ್ಹವಾಗುತ್ತದೆ.

ಇಂಥ ಪಳೆಯುಳಿಕೆ ನಮ್ಮಲ್ಲೇಕಿಲ್ಲವೆಂದು ಗೆಳೆಯರು ಕೇಳಬಹುದು. ಅಂಕೋಲೆಯಿಂದ ಅಮದಳ್ಳಿಯ ಮೇಲೆ ಕಾರವಾರಕ್ಕೆ ಬರುವಾಗ ಕಾಣುವ ಗುಡ್ಡಗಳ ಅಡಿಗಲ್ಲು, ಮೂಳೆ ಚಿಪ್ಪುಗಳುಳ್ಳ ಜೀವಿಗಳು ಹುಟ್ಟುವ ಎಷ್ಟೋ ಮೊದಲೇ ಭೂಗರ್ಭದ ಬೇಗೆಯಲ್ಲಿ ಬೆಂದು ರೂಪುಗೊಂಡದ್ದು. ಪಳೆಯುಳಿಕೆ ಉಳಿಯಬೇಕಾದರೆ ಹೊಳೆಯೋ ಕೆರೆಯೋ ತಂದ ಕೆಸರು ಸತ್ತ ಪ್ರಾಣಿಯನ್ನು ಬೇಗನೆ ಮುಚ್ಚಬೇಕು. ಘಟಪ್ರಭೆಯ ಬಯಲಿನಲ್ಲಿ ಅದು ನಡೆಯಿತು.

1880ರ ದಶಕದಲ್ಲಿ ಫೂಟರು ಕರ್ನೂಲು ಜಿಲ್ಲೆಯ ಬಿಲ್ಲಸುರ್ಗಂ ಗುಹೆಗಳನ್ನು ಶೋಧಿಸಿದರು. ಅಲ್ಲಿ ಅವರ ಮಗ ಹೆನ್ರಿ ಅಗೆಸಿದಾಗ ಅನೇಕ ಪ್ರಾಣಿಗಳ ಮೂಳೆಗಳು ದೊರೆತವು. 1891ರಲ್ಲಿ ನಿವೃತ್ತರಾದರೂ ಫೂಟರು ಸುಮ್ಮನೆ ಕೂರಲಿಲ್ಲ. ಬರೋಡೆಯಲ್ಲಿ ದುಡಿದರು, 1894ರಲ್ಲಿ ಆರಂಭವಾದ ಮೈಸೂರಿನ ಭೂವಿಜ್ಞಾನ ಇಲಾಖೆಗೂ ನೆರವಾದರು. ಅವರ ಪ್ರಾಚೀನ ವಸ್ತುಸಂಗ್ರಹವು 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯಕ್ಕೆ ಸೇರಿತು. 1912ರ ಡಿಸೆಂಬರಿನಲ್ಲಿ ಅವರು ಕಲ್ಕತ್ತೆಯಲ್ಲಿ ತೀರಿಕೊಂಡರು. ಸಂಗ್ರಹದ ವಿವರವಾದ ಪಟ್ಟಿ ಆಮೇಲೆ ಅಚ್ಚಾಯಿತು.

ಆ ಪಟ್ಟಿಯ ಬೆಲೆ ಇರುವುದು ಯಾವ ವಸ್ತು ಯಾವ ಊರಿನಲ್ಲಿ ಸಿಕ್ಕಿತೆಂಬ ದಾಖಲೆಯಲ್ಲಿ. ಸ್ಥಳವನ್ನೂ ಪದರವನ್ನೂ ಕಳೆದುಕೊಂಡ ಮೂಳೆ ಮೂಕವಾಗುತ್ತದೆ. ಬಾವಿಯನ್ನೋ ರಸ್ತೆಯನ್ನೋ ಅಗೆಯುವಾಗ ಹಳೆಯ ಮೂಳೆ ಕಣ್ಣಿಗೆ ಬಿದ್ದರೆ, ಅದನ್ನು ಕಿತ್ತು ಮನೆಗೆ ಒಯ್ಯದೆ, ಇದ್ದ ಜಾಗವನ್ನು ಗುರುತಿಸಿ ಬಲ್ಲವರಿಗೆ ತಿಳಿಸುವುದು ವಿದ್ಯಾರ್ಥಿಗಳಾದ ನಮ್ಮ ಕರ್ತವ್ಯ.